ಮುಂದಿನ ಸಾಲಿಡ್ ಆಕ್ಸಲ್: ಯಾವುದು ಹಾಕಿಸಬೇಕು, ಯಾರು ಹಾಕಿಸಲೇಬಾರದು

ಮಹೀಂದ್ರಾದ ಹಳೆ ಥಾರ್ ಸಿಆರ್‌ಡಿಇ (2020ಕ್ಕಿಂತ ಮೊದಲಿನ ಡೀಸೆಲ್ ಮಾದರಿ) ಇಟ್ಟುಕೊಂಡು ವಾರಕ್ಕೊಮ್ಮೆ ಗುಡ್ಡದ ಕಡೆ ಹೊರಡುವವರು ಇವತ್ತಲ್ಲ ನಾಳೆ ಕೇಳುವ ಪ್ರಶ್ನೆ ಇದು: "ಅಣ್ಣ, ಮುಂದ್ಗಡೆ ಐಎಫ್‌ಎಸ್ ಕಿತ್ತು ಸಾಲಿಡ್ ಆಕ್ಸಲ್ ಹಾಕಿಸ್ಬೇಕು. ಎಂಎಂ540ದು ಹಾಕ್ಸಲಾ, ಡಾನಾ 44 ಹುಡುಕಲಾ?"

ಐಎಫ್‌ಎಸ್ ಅಂದರೆ ಮುಂದಿನ ಎರಡು ಗಾಲಿ ಬೇರೆ ಬೇರೆ ಆಡುವ ಸಸ್ಪೆನ್ಷನ್. ಎಂಎಂ540 ಮಹೀಂದ್ರಾದ ಹಳೆ ಜೀಪು, ಡಾನಾ 44 ಅಮೆರಿಕದ ಒಂದು ದಪ್ಪ ಆಕ್ಸಲ್. ಉತ್ತರ ಕೊಡುವ ಮೊದಲು ಎರಡು ವಿಷಯ ಗೊತ್ತಾಗಬೇಕು. ಟೈರ್ ಎಷ್ಟು ಇಂಚಿಂದು ಹಾಕ್ತೀಯ? ಗಾಡಿ ಎಂಥ ನೆಲದ ಮೇಲೆ ಓಡಿಸ್ತೀಯ? ಆಕ್ಸಲ್ ಯಾವುದು ಅನ್ನೋದು ಈ ಎರಡಾದ ಮೇಲಿನ ಮಾತು. ಈ ಎರಡನ್ನು ಸರಿಯಾಗಿ ಕೇಳಿಕೊಂಡರೆ ಅರ್ಧ ಜನಕ್ಕೆ ಆಕ್ಸಲ್ ಬದಲಾವಣೆಯೇ ಬೇಕಾಗಿಲ್ಲ ಅಂತ ನನ್ನ ಅನಿಸಿಕೆ.

ಮೊದಲು ನೆಲ ನೋಡಿ

ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರು ಜಿಲ್ಲೆಯಲ್ಲಿ ನೆಲ ಒಂದೇ ತರಹ ಇಲ್ಲ. ಸಂಡೂರು ಕಡೆ ಅದಿರಿನ ಗುಡ್ಡ, ಸಡಿಲ ಕಲ್ಲು, ಕೆಂಪು ಧೂಳು. ಕೊಪ್ಪಳ, ಗಂಗಾವತಿ ಸುತ್ತ ಗ್ರಾನೈಟ್ ಬಂಡೆ. ಸಿರುಗುಪ್ಪ, ಸಿಂಧನೂರು, ಮಾನ್ವಿ ಕಡೆ ಎರೆ ಮಣ್ಣು, ಭತ್ತದ ಗದ್ದೆ, ಕಾಲುವೆ ದಂಡೆ. ಮಧ್ಯದಲ್ಲಿ ತುಂಗಭದ್ರೆಯ ಮರಳು.

ಸಾಲಿಡ್ ಆಕ್ಸಲ್ ಅಂದರೆ ಎಡಗಾಲಿಯಿಂದ ಬಲಗಾಲಿಗೆ ಒಂದೇ ಗಟ್ಟಿ ಹೌಸಿಂಗ್. ಎಡಗಾಲಿ ಬಂಡೆ ಹತ್ತಿದರೆ ಬಲಗಾಲಿ ತಾನಾಗಿ ಕೆಳಗೆ ಒತ್ತುತ್ತದೆ. ನೆಲ ಬಿಟ್ಟು ಗಾಲಿ ಗಾಳಿಯಲ್ಲಿ ತಿರುಗುವುದು ಕಡಿಮೆ. ಐಎಫ್‌ಎಸ್‌ನಲ್ಲಿ ಎರಡೂ ಗಾಲಿ ಬೇರೆ ಬೇರೆ ಆಡುತ್ತವೆ. ರಸ್ತೆಯಲ್ಲಿ ಅದೇ ಸುಖ. ಬಂಡೆಯ ಮೇಲೆ ಮಾತ್ರ ಒಂದು ಗಾಲಿ ಹತ್ತಿದರೆ ಇನ್ನೊಂದಕ್ಕೆ ಅದರ ಲೆಕ್ಕವೇ ಇರುವುದಿಲ್ಲ. ಜೊತೆಗೆ ಗಾಡಿ ಎತ್ತಿಸಿದಷ್ಟೂ ಗಾಲಿಗೆ ಬಲ ಒಯ್ಯುವ ಸಿವಿ ಜಾಯಿಂಟ್ ಓರೆಯಾಗಿ ನಿಲ್ಲುತ್ತದೆ, ಅದರ ರಬ್ಬರ್ ಬೂಟು ಹರಿಯುತ್ತದೆ, ಬಾಲ್ ಜಾಯಿಂಟ್ ಬೇಗ ಸವೆಯುತ್ತದೆ. ಟಾರ್ಷನ್ ಬಾರ್ (ಸ್ಪ್ರಿಂಗ್ ಕೆಲಸ ಮಾಡುವ ಕಂಬಿ) ತಿರುಗಿಸಿ ಎರಡು ಇಂಚು ಎತ್ತಿಸಬಹುದು. ಅದರಾಚೆ ಹೋದರೆ ತಲೆನೋವು.

ಹಾಗಾಗಿ ಕೊಪ್ಪಳದ ಬಂಡೆ, ಸಂಡೂರಿನ ಕಲ್ಲುದಾರಿ ಅಂದರೆ ಸಾಲಿಡ್ ಆಕ್ಸಲ್ ಕೇಳುವುದರಲ್ಲಿ ಅರ್ಥ ಇದೆ.

ಎರೆ ಹೊಲದ ಕಥೆ ಉಲ್ಟಾ. ಸಾಲಿಡ್ ಆಕ್ಸಲ್‌ನಲ್ಲಿ ಡಿಫರೆನ್ಷಿಯಲ್ (ಇಂಜಿನ್ ಬಲವನ್ನು ಎರಡು ಗಾಲಿಗೆ ಹಂಚುವ ಗೇರ್, ಚಿಕ್ಕದಾಗಿ ಡಿಫ್) ಗುಂಡು ಆಕ್ಸಲ್ ಜೊತೆಗೇ ಕೆಳಗೆ ಇರುತ್ತದೆ. ಸ್ಪ್ರಿಂಗ್ ಎತ್ತರಿಸಿದರೆ ಚಾಸಿ ಮೇಲೆ ಹೋಗುತ್ತದೆಯೇ ಹೊರತು ಗುಂಡು ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ಟೈರ್ ಮಾತ್ರ. ಟ್ರ್ಯಾಕ್ಟರ್ ಓಡಾಡಿ ಆಳವಾದ ಜಾಡಿಗೆ ಇಳಿದರೆ ನಡುವಿನ ಏಣು ಆ ಗುಂಡಿಗೆ ತಾಗುತ್ತದೆ. ಆಗ ಗಾಡಿ ಕುಂಟೆ ಹೊಡೆದ ಹಾಗೆ ಮಣ್ಣು ತಳ್ಳುತ್ತಾ ಹೋಗಿ ನಿಂತುಬಿಡುತ್ತದೆ. ಐಎಫ್‌ಎಸ್‌ನಲ್ಲಿ ಡಿಫ್ ಚಾಸಿಗೆ ಕಟ್ಟಿಕೊಂಡು ಮೇಲೆ ಇರುವುದರಿಂದ ಇಲ್ಲಿ ಅದಕ್ಕೇ ಸ್ವಲ್ಪ ಅನುಕೂಲ. ಸಿಂಧನೂರು ಕಡೆ ಹೊಲಕ್ಕೆ, ಗದ್ದೆಗೆ ಹೋಗಿಬರಲು ಗಾಡಿ ಬೇಕು ಅನ್ನುವವರು ದುಡ್ಡನ್ನು ಒಳ್ಳೆ ಮಡ್ ಟೈರ್‌ಗೂ ಒಂದು ವಿಂಚ್‌ಗೂ ಹಾಕಿ. ಆಕ್ಸಲ್ ಮಾತು ಬಿಟ್ಟುಬಿಡಿ.

ಮರಳಲ್ಲಿ ಎರಡೂ ಒಂದೇ. ಅಲ್ಲಿ ಕೆಲಸ ಮಾಡುವುದು ಟೈರ್ ಗಾಳಿ. ಇಳಿಸಿ ಹೋಗಿ, ಡಾಂಬರ್ ಹತ್ತುವ ಮೊದಲು ತುಂಬಿಸಿ, ಅಷ್ಟೆ.

ಇನ್ನೊಂದು ಮಾತು. ಆನೆಗುಂದಿ-ಹಂಪಿ ಭಾಗದ ಬಂಡೆಗಳು ಕಣ್ಣಿಗೆ ಎಷ್ಟೇ ಚೆನ್ನಾಗಿ ಕಂಡರೂ ಅದು ವಿಶ್ವ ಪರಂಪರೆಯ ಜಾಗ. ಅಲ್ಲಿ ಗಾಡಿ ಹತ್ತಿಸುವ ಯೋಚನೆಯೇ ಬೇಡ. ಸಂಡೂರಿನ ಕಾಡಿನೊಳಗೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಬೇಡಿ.

ಟೈರ್ ಲೆಕ್ಕ

ಸಿಆರ್‌ಡಿಇ ಥಾರ್‌ಗೆ ಕಂಪನಿ ಕೊಟ್ಟದ್ದು 235/70 ಆರ್16. ಎತ್ತರ ಸುಮಾರು 29 ಇಂಚು. ಇದರಿಂದ 31 ಇಂಚಿಗೆ ಹೋಗುವವರು ಐಎಫ್‌ಎಸ್ ಇಟ್ಟುಕೊಂಡೇ ಹೋಗಬಹುದು. ಅಲ್ಪಸ್ವಲ್ಪ ಎತ್ತಿಸಿ, ಮಡ್‌ಗಾರ್ಡ್ ತಾಗುವ ಕಡೆ ಸರಿಮಾಡಿಸಿದರೆ ಸಾಕು. 2020ರ ನಂತರದ ಹೊಸ ಥಾರ್ ಎಲ್‌ಎಕ್ಸ್‌ಗೆ ಬರುವ 255/65 ಆರ್18 ಟೈರೇ 31 ಇಂಚು ಇದೆ, ಅದೂ ಐಎಫ್‌ಎಸ್ ಮೇಲೆ.

33 ಇಂಚಿಗೆ ಬಂದಾಗ ಸಾಲಿಡ್ ಆಕ್ಸಲ್ ಮಾತು ಶುರುವಾಗುತ್ತದೆ. 35 ಇಂಚು ಅಂದರೆ ಬರೀ ಸಾಲಿಡ್ ಅಲ್ಲ, ದಪ್ಪ ಸಾಲಿಡ್ ಬೇಕು. ಟೈರ್ ದೊಡ್ಡದಾದಷ್ಟೂ ಆಕ್ಸಲ್ ಶಾಫ್ಟ್ ಮೇಲೆ ಬೀಳುವ ತಿರುಚು ಜಾಸ್ತಿ. ಬಂಡೆ ಸಂದಿಯಲ್ಲಿ ಗಾಲಿ ಸಿಕ್ಕಿಕೊಂಡಿದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದೀರಿ, ಫೋರ್ ಲೋನಲ್ಲಿ (ನಾಲ್ಕೂ ಗಾಲಿಗೆ ಬಲ ಕೊಡುವ ನಿಧಾನದ ಗೇರ್) ಆಕ್ಸಿಲರೇಟರ್ ತುಳಿದಿರಿ. ಮುರಿಯುವುದು ಆ ಗಳಿಗೆಯಲ್ಲೇ. ನೆಟ್ಟಗೆ ಹೋಗುವಾಗ ಸಾಮಾನ್ಯವಾಗಿ ಮುರಿಯುವುದಿಲ್ಲ.

ಆಕ್ಸಲ್ ಬಿಟ್ಟು ಬೇರೆ ದಾರಿ

ಬೇಜಾರಾಗಬೇಡಿ, ಆದರೆ ಇದನ್ನು ಮೊದಲು ಹೇಳಬೇಕು. ಗಾಲಿ ಗಾಳಿಯಲ್ಲಿ ತಿರುಗುವ ಸಮಸ್ಯೆಗೆ ಸಾಲಿಡ್ ಆಕ್ಸಲ್ ಒಂದು ಔಷಧಿ. ಎರಡೂ ಗಾಲಿಯನ್ನು ಒಟ್ಟಿಗೇ ತಿರುಗಿಸುವ ಡಿಫ್ ಲಾಕ್ ಇನ್ನೊಂದು. ಎರಡನೆಯದರಲ್ಲಿ ಕೊಯ್ತ ಕಡಿಮೆ. 2015ರಲ್ಲಿ ಬದಲಾಗಿ ಬಂದ ಥಾರ್ ಸಿಆರ್‌ಡಿಇಯಲ್ಲಿ ಹಿಂದೆ ಮೆಕ್ಯಾನಿಕಲ್ ಲಾಕಿಂಗ್ ಡಿಫ್ ಕಂಪನಿಯಿಂದಲೇ ಇದೆ. ಫೋರ್ಸ್ ಗುರ್ಖಾ ನೋಡಿ. 2021ರಿಂದ ಅದರ ಮುಂದಿನ ಸಸ್ಪೆನ್ಷನ್ ಇಂಡಿಪೆಂಡೆಂಟ್ ಆಗಿದೆ. ಆದರೂ ಮುಂದೆ ಹಿಂದೆ ಎರಡಕ್ಕೂ ಲಾಕ್ ಇರುವುದರಿಂದ ಬಂಡೆಯ ಮೇಲೆ ಯಾರಿಗೂ ಕಡಿಮೆ ಇಲ್ಲ. ನಿಮ್ಮ ಗಾಡಿಯ ಮುಂದಿನ ಡಿಫ್‌ಗೆ ಲಾಕ್ ಸಿಗುವುದಾದರೆ ಆಕ್ಸಲ್ ಬಿಚ್ಚಿಸುವ ಮೊದಲು ಅದನ್ನು ಹಾಕಿ ನೋಡಿ.

ಇನ್ನೊಂದು ದಾರಿ ಗಾಡಿಯನ್ನೇ ಬದಲಾಯಿಸುವುದು. ಮಾರುತಿ ಜಿಪ್ಸಿ ಹುಟ್ಟಿದಾಗಿನಿಂದ ಮುಂದೆಯೂ ಹಿಂದೆಯೂ ಸಾಲಿಡ್ ಆಕ್ಸಲ್, ಲೀಫ್ ಸ್ಪ್ರಿಂಗ್. 2023ರಲ್ಲಿ ಬಂದ ಜಿಮ್ನಿಯಲ್ಲೂ ಮುಂದೆ ಸಾಲಿಡ್, ಅದೂ ಕಾಯಿಲ್ ಸ್ಪ್ರಿಂಗ್ ಮೇಲೆ. ಹಳೆ ಥಾರ್‌ನಲ್ಲೇ ಡಿಐ ಮಾದರಿಗೆ ಮುಂದೆ ಸಾಲಿಡ್ ಆಕ್ಸಲ್ ಕೊಟ್ಟಿದ್ದರು. ಎಂಎಂ540, ಎಂಎಂ550 ಜೀಪು ಸರಿ. ಆಕ್ಸಲ್, ಸ್ಪ್ರಿಂಗ್, ಸ್ಟೇರಿಂಗ್, ಬ್ರೇಕ್, ಶಾಫ್ಟ್, ಕೂಲಿ ಎಲ್ಲ ಕೂಡಿಸಿ ಒಂದು ಕಾಗದದ ಮೇಲೆ ಬರೆದು ನೋಡಿ. ಬಿಲ್ಲಿನಲ್ಲಿ ಆಕ್ಸಲ್‌ನ ಪಾಲು ಚಿಕ್ಕದು. ಮಿಕ್ಕದ್ದೆಲ್ಲ ಅದನ್ನು ಕೂರಿಸುವ ಖರ್ಚು. ಎಷ್ಟೋ ಸಲ ಅದೇ ದುಡ್ಡಿಗೆ ಒಂದು ಹಳೇ ಜೀಪು ಬಂದು, ಥಾರ್ ಮನೆಯವರ ಓಡಾಟಕ್ಕೆ ಹಾಗೇ ಉಳಿಯುತ್ತದೆ.

ಹೊಸ ಥಾರ್, ಐದು ಬಾಗಿಲಿನ ಥಾರ್ ರಾಕ್ಸ್ ಇಟ್ಟುಕೊಂಡವರಿಗೆ ನನ್ನ ಉತ್ತರ ಸಾರಾಸಗಟು ಬೇಡ. ಗಾಲಿ ಲಾಕ್ ಆಗದಂತೆ, ಗಾಡಿ ಜಾರದಂತೆ ನೋಡಿಕೊಳ್ಳುವ ಎಬಿಎಸ್, ಇಎಸ್‌ಪಿ ಎಲ್ಲ ಗಾಲಿಯ ಸೆನ್ಸರ್ ನೋಡಿ ಕೆಲಸ ಮಾಡುತ್ತವೆ. ಹಬ್ ಬದಲಾದರೆ ಆ ಸೆನ್ಸರ್ ಲೆಕ್ಕವೇ ತಪ್ಪುತ್ತದೆ. ವಾರಂಟಿಯೂ ಹೋಯಿತು. ಆ ಗಾಡಿಯನ್ನು ಹಾಗೇ ಓಡಿಸಿ.

ಕಾನೂನು

ಇದನ್ನು ಕೊನೆಗೆ ತಳ್ಳಿದರೆ ಯಾರೂ ಓದುವುದಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಸೇರಿತು. ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕೆಎ-34 ಬಳ್ಳಾರಿ ಇರಲಿ, ಕೆಎ-36 ರಾಯಚೂರು ಇರಲಿ, ಕೆಎ-37 ಕೊಪ್ಪಳ ಇರಲಿ, ನಿಯಮ ಒಂದೇ. "ಯಾರ್ ನೋಡ್ತಾರೆ ಬಿಡಣ್ಣ" ಅನ್ನುವವರಿಗೆ ನಾನು ಇನ್ಶೂರೆನ್ಸ್ ನೆನಪಿಸುತ್ತೇನೆ. ಅಪಘಾತವಾಗಿ ಎದುರಿನವರಿಗೆ ಪೆಟ್ಟಾದ ದಿನ ಸರ್ವೇಯರ್ ಗಾಡಿ ಕೆಳಗೆ ಬಗ್ಗಿ ನೋಡುತ್ತಾರೆ. ಕ್ಲೇಮ್ ನಿಂತರೆ ಅದು ನಿಮ್ಮ ಹೊಲ ಮನೆಗೆ ಬರುತ್ತದೆ.

ಆದ್ದರಿಂದ ಇಲ್ಲಿಂದ ಮುಂದೆ ಹೇಳುವುದೆಲ್ಲ ಸ್ವಂತ ಜಮೀನಿನಲ್ಲಿ, ಖಾಸಗಿ ಟ್ರ್ಯಾಕ್‌ನಲ್ಲಿ ಓಡುವ, ಬೇರೆ ಗಾಡಿ ಮೇಲೆ ಹೇರಿಕೊಂಡು ಹೋಗುವ ಗಾಡಿಗೆ ಅಂತ ತಿಳಿದುಕೊಳ್ಳಿ.

ಹಳೆ ಜೀಪಿನ ಆಕ್ಸಲ್

33 ಇಂಚಿನವರೆಗೆ ನನ್ನ ಮೊದಲ ಆಯ್ಕೆ ಮಹೀಂದ್ರಾ ಜೀಪಿನದೇ. ಕಾರಣ ಗಟ್ಟಿತನ ಅಲ್ಲ, ಸಾಮಾನು. ನಕಲ್ (ಮುಂದಿನ ಗಾಲಿ ಎಡಬಲ ತಿರುಗುವ ಕೀಲು) ಬೇರಿಂಗ್, ಸೀಲ್, ಯುಜೆ ಕ್ರಾಸ್, ಕ್ರೌನ್ ಪಿನಿಯನ್ (ಡಿಫ್ ಒಳಗಿನ ದೊಡ್ಡ, ಚಿಕ್ಕ ಹಲ್ಲುಗಾಲಿ) ಎಲ್ಲ ನಮ್ಮ ಕಡೆಯ ಗುಜರಿಯಲ್ಲೋ ಸ್ಪೇರ್ ಅಂಗಡಿಯಲ್ಲೋ ಸಿಗುತ್ತದೆ. ಇಲ್ಲದಿದ್ದರೆ ಲೇತ್‌ನವನಿಗೆ ಹಳೆಯದನ್ನು ತೋರಿಸಿದರೆ ಮಾಡಿಕೊಡುತ್ತಾನೆ. ಭಾನುವಾರ ಮುರಿದರೆ ಬುಧವಾರ ಗಾಡಿ ಎದ್ದು ನಿಲ್ಲಬೇಕು ಅನ್ನುವವರಿಗೆ ಇದಕ್ಕಿಂತ ದೊಡ್ಡ ಗುಣ ಇನ್ನೊಂದಿಲ್ಲ.

ಇದರ ವಂಶ ಅಮೆರಿಕದ ಹಳೆ ಜೀಪು ವಿಲ್ಲಿಸ್ ಸಿಜೆ3ಬಿಯದು. ಅದರಲ್ಲಿ ಮುಂದೆ ಡಾನಾ 25, ಹಿಂದೆ ಡಾನಾ 44 ಇತ್ತು. ಅಂದರೆ ಮುಂದಿನದು ಹಿಂದಿನದಕ್ಕಿಂತ ಸಣ್ಣದು. 35 ಇಂಚಿನ ಟೈರ್ ಹಾಕಿ ಬಂಡೆ ಹತ್ತಿಸುತ್ತೇನೆ ಅಂದರೆ ಇದು ತಡೆಯುವುದಿಲ್ಲ.

ಕೊಳ್ಳುವಾಗ ಮೂರ್ನಾಲ್ಕು ಕಡೆ ಮೋಸ ಹೋಗುವ ಸಾಧ್ಯತೆ ಇದೆ. ಒಂದು, ಟೂ ವೀಲ್ ಜೀಪಿನ ಮುಂದಿನ ಆಕ್ಸಲ್ ಬರೀ ಕಬ್ಬಿಣದ ತೊಲೆ, ಒಳಗೆ ಡಿಫ್ ಇಲ್ಲ. ನಗಬೇಡಿ, ಫೋಟೋ ನೋಡಿ ಅಡ್ವಾನ್ಸ್ ಕಳಿಸುವವರು ಇದ್ದಾರೆ. ಎರಡು, ರೇಶಿಯೊ, ಅಂದರೆ ಗಾಲಿ ಒಂದು ಸುತ್ತು ಬರಲು ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕ. ಸಿಜೆ3ಬಿಯದು 5.38. ಆಮೇಲಿನ ಮಾದರಿಗಳಲ್ಲಿ ಬೇರೆ ಬೇರೆ ಬಂದಿವೆ. ಅಂಗಡಿಯವನು ಹೇಳಿದ ಮಾದರಿ ಹೆಸರು ನಂಬಬೇಡಿ. ಮುಂದಿನ ರೇಶಿಯೊ ಹಿಂದಿನದಕ್ಕೆ ಕೂಡದಿದ್ದರೆ ಫೋರ್ ವೀಲ್ ಹಾಕಿದ ತಕ್ಷಣ ಮುಂದಿನ ಗಾಲಿ ಒಂದು ವೇಗ, ಹಿಂದಿನದು ಇನ್ನೊಂದು ವೇಗ ಕೇಳುತ್ತದೆ. ಗಟ್ಟಿ ನೆಲದಲ್ಲಿ ಒಂದಕ್ಕೊಂದು ಜಗ್ಗಾಡಿ ಕೊನೆಗೆ ಟ್ರಾನ್ಸ್‌ಫರ್ ಕೇಸ್ (ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ಪೆಟ್ಟಿಗೆ) ಒಡೆಯುತ್ತದೆ.

ಪತ್ತೆ ಮಾಡುವುದು ಸುಲಭ. ಆಕ್ಸಲ್ ಬಿಚ್ಚಿಟ್ಟಿದ್ದರೆ ಕವರ್ ತೆಗೆಸಿ ಹಲ್ಲು ಎಣಿಸಿ. ಕ್ರೌನ್‌ಗೆ 43, ಪಿನಿಯನ್‌ಗೆ 8 ಇದ್ದರೆ 43 ಭಾಗಿಸು 8, ಅಂದರೆ 5.38. 41ಕ್ಕೆ 11 ಇದ್ದರೆ 3.73. ನಿಮ್ಮ ಗಾಡಿಯ ಹಿಂದಿನ ಆಕ್ಸಲ್ ಬಿಚ್ಚದೆ ನೋಡಬೇಕಾ? ಮುಂದಿನ ಗಾಲಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಒಂದು ಹಿಂಗಾಲಿಯನ್ನು ಮಾತ್ರ ಜಾಕ್ ಮೇಲೆ ಎತ್ತಿ. ಎತ್ತಿದ ಗಾಲಿಗೂ ಶಾಫ್ಟ್‌ಗೂ ಸುಣ್ಣದಲ್ಲಿ ಗುರುತು ಹಾಕಿ. ಗಾಲಿಯನ್ನು ಪೂರ್ತಿ ಎರಡು ಸುತ್ತು ತಿರುಗಿಸಿ. ಅಷ್ಟರಲ್ಲಿ ಶಾಫ್ಟ್ ಎಷ್ಟು ಸುತ್ತು ಬಂತೋ ಅದೇ ರೇಶಿಯೊ. ಮೂರು ಸುತ್ತು ಮುಗಿದು ಮುಕ್ಕಾಲಿನ ಹತ್ತಿರ ನಿಂತರೆ 3.73. ಎರಡು ಸುತ್ತು ಯಾಕೆಂದರೆ ಇನ್ನೊಂದು ಗಾಲಿ ನೆಲದ ಮೇಲೆ ನಿಂತಿದೆ, ಡಿಫ್ ಅರ್ಧವೇ ತಿರುಗುತ್ತದೆ. ಡಿಫ್ ಲಾಕ್ ಇದ್ದರೂ ಹೀಗೆ ನಿಧಾನಕ್ಕೆ ತಿರುಗಿಸಿದರೆ ಅದು ಹಿಡಿಯುವುದಿಲ್ಲ.

ಮೂರನೆಯದು ಅಗಲ. ಸಿಆರ್‌ಡಿಇ ಥಾರ್‌ನ ಮುಂದಿನ ಟ್ರ್ಯಾಕ್ (ಎಡ ಬಲ ಗಾಲಿಯ ನಡುವಿನ ಅಂತರ) 1445 ಮಿಮೀ, ಹಿಂದಿನದು 1346. ಹಳೆ ಸಿಜೆ ಆಕ್ಸಲ್‌ಗಳು ಇದಕ್ಕಿಂತ ಬಹಳ ಕಿರಿದು. ಕಿರಿದನ್ನು ಹಾಕಿ ಸ್ಪೇಸರ್ ಕೊಟ್ಟು ಹೊರಗೆ ತಳ್ಳುವವರಿದ್ದಾರೆ. ಸ್ವಲ್ಪಕ್ಕೆ ಪರವಾಗಿಲ್ಲ, ಜಾಸ್ತಿ ಆದರೆ ಹಬ್ ಬೇರಿಂಗ್ ಬೇಗ ಹೋಗುತ್ತದೆ. ಹಿಂದಿನ ಟ್ರ್ಯಾಕ್ ಅಳೆದು ಅದಕ್ಕೆ ಹತ್ತಿರ ಬರುವ ಆಕ್ಸಲ್ ಹುಡುಕುವುದು ಜಾಣತನ. ಗಾಲಿ ಬೋಲ್ಟ್ ಚಿಂತೆ ಬೇಡ. ಮಹೀಂದ್ರಾ ಜೀಪು, ಥಾರ್, ಜಿಪ್ಸಿ, ಜಿಮ್ನಿ ಎಲ್ಲಕ್ಕೂ ಐದು ಬೋಲ್ಟ್, 139.7 ಮಿಮೀ. ಇದೊಂದು ವಿಷಯದಲ್ಲಿ ದೇವರು ನಮ್ಮ ಕಡೆ ಇದ್ದಾನೆ.

ಡಿಫ್ ಗುಂಡು ಯಾವ ಕಡೆ ಇದೆ ಅನ್ನುವುದು ಎಲ್ಲಕ್ಕಿಂತ ಮುಖ್ಯ. ಟ್ರಾನ್ಸ್‌ಫರ್ ಕೇಸ್‌ನಿಂದ ಮುಂದಿನ ಶಾಫ್ಟ್ ಹೊರಡುವ ಬದಿಯಲ್ಲೇ ಆಕ್ಸಲ್‌ನ ಡಿಫ್ ಇರಬೇಕು. ವಿಲ್ಲಿಸ್ ವಂಶದಲ್ಲಿ ಅದು ಬಲಕ್ಕೆ. ಅಮೆರಿಕದಲ್ಲಿ ಇದೇ ಸಾಲಿನ ಜೀಪಿನಲ್ಲಿ 1987ರ ರ‍್ಯಾಂಗ್ಲರ್‌ನಿಂದ ಎಡಕ್ಕೆ ಹೋಯಿತು. ನಿಮ್ಮ ಗಾಡಿ ಕೆಳಗೆ ಮಲಗಿ ನೋಡಿದರೆ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಬದಿ ತಪ್ಪಿದ ಆಕ್ಸಲ್ ಪುಕ್ಕಟೆ ಸಿಕ್ಕರೂ ಬೇಡ.

ಜಿಪ್ಸಿ ಆಕ್ಸಲ್

ಇದರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಥಾರ್‌ಗೆ ಬೇಡ. ಜಿಪ್ಸಿ ಕಿಂಗ್ ಹೆಚ್ಚುಕಮ್ಮಿ ಒಂದು ಟನ್ ತೂಕದ ಗಾಡಿ, ಅದರ 1.3 ಲೀಟರ್ ಪೆಟ್ರೋಲ್ ಇಂಜಿನ್ ಟಾರ್ಕ್ 103 ಎನ್‌ಎಂ. ಥಾರ್ ಸಿಆರ್‌ಡಿಇ ಅದಕ್ಕಿಂತ ಬಹಳ ಭಾರ, ಟಾರ್ಕ್ 247. ಲೆಕ್ಕ ಅಲ್ಲೇ ಮುಗಿಯಿತಲ್ವಾ? ಜಿಪ್ಸಿಗೆ ಜಿಪ್ಸಿಯದೇ ಸರಿ. 1993ಕ್ಕಿಂತ ಹಿಂದಿನ ಕಿರಿದಾದ ಜಿಪ್ಸಿ ಇಟ್ಟುಕೊಂಡವರು ವೈಡ್ ಟ್ರ್ಯಾಕ್ ಜಿಪ್ಸಿಯ ಎರಡೂ ಆಕ್ಸಲ್ ಜೋಡಿಯಾಗಿ ಹಾಕಿಸಬಹುದು. ಬಂಡೆ ಅಡ್ಡ ಹಾಯುವಾಗ ಗಾಡಿ ವಾಲುವ ಭಯ ಕಡಿಮೆಯಾಗುತ್ತದೆ.

ಡಾನಾ 44, ಡಾನಾ 60, ಟೊಯೋಟಾ, ಜೋಂಗಾ

ಇವುಗಳಲ್ಲಿ ಮೊದಲ ಮೂರು ಅಮೆರಿಕದವರ ವಿಡಿಯೋಗಳಲ್ಲಿ ಕೇಳಿಬರುವ ಹೆಸರುಗಳು. ಅಳತೆ ಗೊತ್ತಿದ್ದರೆ ತಲೆ ತಿರುಗುವುದಿಲ್ಲ. ಕ್ರೌನ್ ವೀಲ್ ವ್ಯಾಸ ಡಾನಾ 44ಕ್ಕೆ 8.5 ಇಂಚು, ಡಾನಾ 60ಕ್ಕೆ 9.75 ಇಂಚು. 1979ರಿಂದ 85ರವರೆಗಿನ ಟೊಯೋಟಾ ಹೈಲಕ್ಸ್‌ನ ಸಾಲಿಡ್ ಫ್ರಂಟ್‌ಗೆ 8 ಇಂಚು. ಅಲ್ಲಿನ ಗುಜರಿಯಲ್ಲಿ ಇವು ರಾಶಿ ಬಿದ್ದಿರುತ್ತವೆ, ಅದಕ್ಕೇ ಅವರ ಮಾತು ಹಾಗೆ.

ಡಾನಾ 44 ನಿಜಕ್ಕೂ ಒಳ್ಳೆ ಆಕ್ಸಲ್. 35 ಇಂಚು ಹಾಕುವವರಿಗೆ ಅದೇ ಸರಿಯಾದ ಉತ್ತರ. ತೊಂದರೆ ಇರುವುದು ಸ್ಟೇರಿಂಗ್‌ನಲ್ಲಿ. ಅವರದು ಎಡಗಡೆ ಡ್ರೈವರ್. ಸ್ಟೇರಿಂಗ್ ಬಾಕ್ಸ್ ಎಡಕ್ಕಿದ್ದು ಅದರಿಂದ ಹೊರಡುವ ಸರಳು, ಅಂದರೆ ಡ್ರ್ಯಾಗ್ ಲಿಂಕ್, ಬಲ ನಕಲ್‌ಗೆ ಹೋಗುತ್ತದೆ. ನಮ್ಮಲ್ಲಿ ಬಾಕ್ಸ್ ಬಲಕ್ಕೆ, ಲಿಂಕ್ ಹೋಗಬೇಕಾದದ್ದು ಎಡ ನಕಲ್‌ಗೆ. ಆ ನಕಲ್‌ನಲ್ಲಿ ಅದಕ್ಕೆ ತೋಳೇ ಇರುವುದಿಲ್ಲ. ಬಲಗೈ ಡ್ರೈವ್ ದೇಶದ ಗಾಡಿಯಿಂದ ಬಂದ ಆಕ್ಸಲ್ ಹುಡುಕಬೇಕು, ಇಲ್ಲವೇ ಸ್ಟೇರಿಂಗ್ ತೋಳು ಹೊಸದಾಗಿ ಮಾಡಿಸಬೇಕು. ಸ್ಟೇರಿಂಗ್ ತೋಳನ್ನು ಬೀದಿ ಬದಿಯ ವೆಲ್ಡಿಂಗ್‌ನಲ್ಲಿ ಮಾಡಿಸುವುದು ಬೇಡ. ಅದು ಬಿಟ್ಟರೆ ಗಾಡಿಗೂ ನಿಮಗೂ ಸಂಬಂಧ ಇರುವುದಿಲ್ಲ. ಸರಿಯಾದ ಉಕ್ಕಿನಲ್ಲಿ ಮೆಷಿನ್ ಮಾಡಿಸಿ, ಬೋಲ್ಟ್‌ನಲ್ಲಿ ಕೂರಿಸಬೇಕು.

ಡಾನಾ 60 ನಮಗೆ ಬೇಡವೇ ಬೇಡ. ಅದರ ತೂಕ ಹೊತ್ತುಕೊಂಡು ಓಡಲು 105 ಎಚ್‌ಪಿ ಇಂಜಿನ್‌ಗೆ ಏನು ಕರ್ಮ?

ಜೋಂಗಾ ನಮ್ಮದೇ. ನಿಸಾನ್ ಪ್ಯಾಟ್ರೋಲ್ ಪಿ60 ನೋಡಿ ಜಬಲ್ಪುರದ ಕಾರ್ಖಾನೆಯಲ್ಲಿ ಸೇನೆಗೆ ಮಾಡಿದ ಗಾಡಿ. ಆಕ್ಸಲ್ ದಪ್ಪ, ನೋಡಿದರೆ ಆಸೆಯಾಗುತ್ತದೆ. ಆದರೆ ಸಾಮಾನು ಸಿಗುವುದು ಕಷ್ಟ. ಹಿಂದೆ ಮುಂದೆ ಎರಡೂ ಜೋಡಿಯಾಗಿ, ಜೊತೆಗೆ ಬಿಚ್ಚಿದ ಇನ್ನೊಂದು ಸೆಟ್ ಸಾಮಾನು ಸಿಕ್ಕರೆ ಮಾತ್ರ ಕೈ ಹಾಕಿ. ಒಂದೇ ಆಕ್ಸಲ್ ಸಿಕ್ಕಿತು ಅಂತ ತಂದರೆ ಮೂಲೆಯಲ್ಲಿ ಬಿದ್ದಿರುತ್ತದೆ.

ಕಮಾನ್ ಪಟ್ಟಾನೋ, ಕಾಯಿಲ್ಲೋ

ಆಕ್ಸಲ್ ಆರಿಸಿದ ಮೇಲೆ ಅದನ್ನು ಯಾವುದರ ಮೇಲೆ ಕೂರಿಸುವುದು ಅನ್ನುವ ಪ್ರಶ್ನೆ. ಇಲ್ಲಿ ನಾನು ಪಕ್ಷಪಾತಿ. ನಮ್ಮ ಕಡೆಗೆ ಲೀಫ್ ಸ್ಪ್ರಿಂಗೇ ಸರಿ.

ಕಮಾನ್ ಪಟ್ಟಾ ಭಾರವನ್ನೂ ಹೊರುತ್ತದೆ, ಆಕ್ಸಲ್ಲನ್ನು ಜಾಗದಲ್ಲೂ ಹಿಡಿಯುತ್ತದೆ. ಮುಂದೊಂದು ಹ್ಯಾಂಗರ್, ಹಿಂದೊಂದು ಶ್ಯಾಕಲ್, ನಾಲ್ಕು ಯು-ಬೋಲ್ಟ್, ಅಲ್ಲಿಗೆ ಆಯಿತು. ಅದಿರು ಲಾರಿ, ಟಿಪ್ಪರ್, ಟ್ರ್ಯಾಕ್ಟರ್ ಟ್ರೇಲರ್ ಓಡುವ ಊರುಗಳು ನಮ್ಮವು. ಪಟ್ಟಾ ಕೆಲಸದವರು ಕಡಿಮೆ ಇಲ್ಲ. ಒಂದು ಪಟ್ಟಾ ಸೇರಿಸು, ಒಂದು ತೆಗೆ ಅಂದರೆ ಸಂಜೆಯೊಳಗೆ ಆಗುತ್ತದೆ. ಕೊರತೆ ಏನಪ್ಪಾ ಅಂದರೆ ಏರಿನಲ್ಲಿ ಜೋರಾಗಿ ಎಳೆಯುವಾಗ ಆಕ್ಸಲ್ ತಿರುಚಿಕೊಂಡು ಪಟ್ಟಾ ಎಸ್ ಆಕಾರಕ್ಕೆ ಬಾಗುತ್ತದೆ. ಪಟ್ಟಾ ಜಾಸ್ತಿ ಹಾಕಿ ಗಟ್ಟಿ ಮಾಡಿದರೆ ಬಂಡೆ ಮೇಲೆ ಬಗ್ಗುವುದಿಲ್ಲ. ಆಮೇಲೆ ಸಾಲಿಡ್ ಆಕ್ಸಲ್ ಹಾಕಿಸಿದ್ದೇ ದಂಡ.

ಕಾಯಿಲ್ ಸ್ಪ್ರಿಂಗ್ ಮೆತ್ತಗೆ, ಆಟವೂ ಜಾಸ್ತಿ. ಆದರೆ ಅದು ಭಾರ ಮಾತ್ರ ಹೊರುತ್ತದೆ. ಆಕ್ಸಲ್ಲನ್ನು ಹಿಂದೆ ಮುಂದೆ ಹಿಡಿಯಲು ಲಿಂಕ್ ಬೇಕು, ಎಡ ಬಲ ಹಿಡಿಯಲು ಪ್ಯಾನ್‌ಹಾರ್ಡ್ ರಾಡ್ ಬೇಕು. ಆ ರಾಡ್ ಡ್ರ್ಯಾಗ್ ಲಿಂಕ್‌ಗೆ ಸಮಾನಾಂತರವಾಗಿ, ಹೆಚ್ಚುಕಮ್ಮಿ ಅಷ್ಟೇ ಉದ್ದ ಇರಬೇಕು. ಇಲ್ಲದಿದ್ದರೆ ಗುಂಡಿಗೆ ಬಿದ್ದಾಗಲೆಲ್ಲ ಸ್ಟೇರಿಂಗ್ ತಾನಾಗಿ ತಿರುಗುತ್ತದೆ. ಮೊದಲು ಹಾಳೆಯ ಮೇಲೆ ಗೆರೆ ಎಳೆದು ತೋರಿಸುವ ಮೇಸ್ತ್ರಿ ಸಿಕ್ಕರೆ ಕಾಯಿಲ್ ಮಾಡಿಸಿ. "ಹಾಕಿ ನೋಡೋಣ" ಅನ್ನುವವರ ಹತ್ತಿರ ಬೇಡ.

ಎರಡರಲ್ಲೂ ಬಿಡಲಾಗದ್ದು ಕ್ಯಾಸ್ಟರ್. ಕಿಂಗ್ ಪಿನ್‌ನ (ಗಾಲಿ ಎಡಬಲ ತಿರುಗುವ ಅಚ್ಚು) ಮೇಲಿನ ತುದಿ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಆಗಲೇ ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೆಟ್ಟಗಾಗುತ್ತದೆ. ಗಾಡಿ ಎತ್ತಿಸಿದಾಗ ಮುಂದಿನ ಶಾಫ್ಟ್ ಕಡಿದಾಗಿ ನಿಲ್ಲುತ್ತದೆ. ಅದನ್ನು ಸರಿಮಾಡಲು ಬೆಣೆ ಹಾಕಿ ಪಿನಿಯನ್ ಮೂತಿ ಮೇಲಕ್ಕೆ ಎತ್ತುತ್ತಾರೆ. ಮೂತಿ ಎತ್ತಿದಷ್ಟೂ ಕ್ಯಾಸ್ಟರ್ ಇಳಿಯುತ್ತದೆ, ಯಾಕೆಂದರೆ ಎರಡೂ ಒಂದೇ ಹೌಸಿಂಗ್ ಮೇಲೆ ಕೂತಿವೆ. ಆಮೇಲೆ ಸ್ಪೀಡ್ ಏರಿದಾಗ ಒಂದು ಗುಂಡಿ ಹಾರಿದರೆ ಸಾಕು, ಮುಂದಿನ ಗಾಲಿ ಎರಡೂ ಗಡಗಡ ಒದರಲು ಶುರು. ಡೆತ್ ವಾಬಲ್ ಅಂತ ಹೆಸರಿಟ್ಟಿರುವುದು ಸುಮ್ನೆ ಅಲ್ಲ. ಪೂರ್ತಿ ನಿಧಾನ ಮಾಡುವವರೆಗೂ ನಿಲ್ಲುವುದಿಲ್ಲ. ಸರಿಯಾದ ದಾರಿ ಹೌಸಿಂಗ್ ತುದಿಯ ನಕಲ್ ಗುಂಡು ಕೊಯ್ದು, ತಿರುಗಿಸಿ, ಮತ್ತೆ ವೆಲ್ಡ್ ಮಾಡುವುದು. ಇದು ಜಿಗ್ ಇರುವ ಕಡೆ ಮಾತ್ರ ಆಗುವ ಕೆಲಸ. ಎಡ ಬಲ ಒಂದು ಡಿಗ್ರಿ ಹೆಚ್ಚುಕಮ್ಮಿ ಆದರೂ ಗಾಡಿ ಒಂದೇ ಕಡೆಗೆ ಎಳೆಯುತ್ತದೆ.

ಬ್ರೇಕ್ ಮರೆಯಬೇಡಿ. ಹಳೆ ಜೀಪಿನ ಆಕ್ಸಲ್‌ನಲ್ಲಿ ಡ್ರಮ್ ಇದ್ದರೆ ಅದನ್ನು ಹಾಗೇ ಥಾರ್‌ಗೆ ಹಾಕುವುದು ಹಿಂದಕ್ಕೆ ಹೋದ ಹಾಗೆ. ಡಿಸ್ಕ್‌ಗೆ ಬದಲಾಯಿಸಿ, ಮಾಸ್ಟರ್ ಸಿಲಿಂಡರ್ ಅದಕ್ಕೆ ಹೊಂದುತ್ತದಾ ನೋಡಿಸಿ. ಹೋಸ್ ಉದ್ದವನ್ನು ಗಾಲಿ ಪೂರ್ತಿ ಕೆಳಗೆ ಇಳಿಬಿಟ್ಟು ಅಳೆಯಿರಿ.

ಗುಜರಿಯಲ್ಲಿ ನಿಂತು

ಆಕ್ಸಲ್ ಮುಂದೆ ಕೂತಾಗ ಮೊದಲು ಡ್ರೈನ್ ಬೋಲ್ಟ್ ಬಿಚ್ಚಿಸಿ. ಆಯಿಲ್ ಬೆರಳಿಗೆ ಹಚ್ಚಿ ಉಜ್ಜಿ. ಹಾಲು ಬೆರೆತ ಚಹಾದ ಬಣ್ಣ ಇದ್ದರೆ ನೀರು ಹೋಗಿದೆ. ಬೆರಳಿನ ಮೇಲೆ ಮಿಣಮಿಣ ಮಿಂಚಿದರೆ ಬೇರಿಂಗೋ ಹಲ್ಲೋ ಸವೆದಿದೆ. ಬೋಲ್ಟ್ ತುದಿಯಲ್ಲಿ ಕಬ್ಬಿಣದ ಚೂರು ಅಂಟಿದ್ದರೆ ಎದ್ದು ಬನ್ನಿ.

ಆಮೇಲೆ ಪಿನಿಯನ್ ಫ್ಲ್ಯಾಂಜ್ ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಚೂರೂ ಆಡಬಾರದು. ತಿರುಗಿಸಿದಾಗ ಸ್ವಲ್ಪ ಆಟ ಇರುತ್ತದೆ, ಅದು ಸಹಜ. ಹೌಸಿಂಗ್ ಬಾಗಿದೆಯಾ ನೋಡಲು ಒಂದು ದಾರ ಸಾಕು. ಈ ತುದಿಯಿಂದ ಆ ತುದಿಗೆ ಬಿಗಿಯಾಗಿ ಎಳೆದು ಟ್ಯೂಬ್‌ಗೂ ದಾರಕ್ಕೂ ನಡುವಿನ ಅಂತರ ಎರಡೂ ಕಡೆ ಅಳೆಯಿರಿ. ಹೌಸಿಂಗ್ ತಿರುಗಿಸಿ ಇನ್ನೊಮ್ಮೆ ಅಳೆಯಿರಿ.

ಮುಚ್ಚಿದ ನಕಲ್ ಆಕ್ಸಲ್ ಆದರೆ ತುದಿಯ ಗುಂಡಗಿನ ಬಾಲ್ ಮೇಲೆ ಬೆರಳು ಆಡಿಸಿ. ನುಣ್ಣಗಿರಬೇಕು. ತುಕ್ಕು ತಿಂದು ಕುಳಿ ಬಿದ್ದಿದ್ದರೆ ಹೊಸ ಸೀಲ್ ಹಾಕಿದರೂ ತಿಂಗಳೊಳಗೆ ಹರಿಯುತ್ತದೆ. ಸಂಡೂರಿನ ಅದಿರು ಧೂಳಿಗೆ ಇದು ದೊಡ್ಡ ವಿಷಯ. ಆ ಧೂಳು ಮರಳು ಕಾಗದದ ಹಾಗೆ ಉಜ್ಜುತ್ತದೆ. ಸೀಲ್ ದಾಟಿ ಗ್ರೀಸ್‌ಗೆ ಬೆರೆತರೆ ಒಳಗಿನ ಜಾಯಿಂಟ್ ಉಳಿಯುವುದಿಲ್ಲ. ಗುಡ್ಡದಿಂದ ಬಂದ ಮೇಲೆ ಬಾಲ್ ಒರೆಸುವುದು ಅಭ್ಯಾಸ ಮಾಡಿಕೊಳ್ಳಿ. ಕಾಲುವೆ, ಹಳ್ಳ ದಾಟುವವರು ಡಿಫ್‌ನ ಬ್ರೀದರ್‌ಗೆ (ಗಾಳಿಯಾಡುವ ತೂತು) ಪೈಪ್ ಹಾಕಿ ಬಾನೆಟ್ ಎತ್ತರಕ್ಕೆ ತನ್ನಿ. ಬಿಸಿಯಾದ ಡಿಫ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಚಹಾ ಬಣ್ಣದ ಆಯಿಲ್ ಆಗುವುದು ಹೀಗೇ.

ಕೂರಿಸಿದ ಮೇಲೆ ಮೊದಲ ಕೆಲವು ದಿನ ಗಾಡಿ ನಿಧಾನಕ್ಕೆ ಓಡಿಸಿ. ಹೊಸ ಪಟ್ಟಾ ಕೂತುಕೊಳ್ಳುತ್ತದೆ, ಯು-ಬೋಲ್ಟ್ ಸಡಿಲವಾಗುತ್ತವೆ. ನೂರಿನ್ನೂರು ಕಿಲೋಮೀಟರ್ ಆದ ಮೇಲೆ ಟಾರ್ಕ್ ಸ್ಪ್ಯಾನರ್‌ನಲ್ಲಿ ಎಲ್ಲ ಯು-ಬೋಲ್ಟ್ ಬಿಗಿಸಿ. ಹಾಗೇ ಡ್ರ್ಯಾಗ್ ಲಿಂಕ್, ಟೈ ರಾಡ್ ಎಂಡ್‌ಗಳ ಸ್ಪ್ಲಿಟ್ ಪಿನ್ ಜಾಗದಲ್ಲಿ ಇವೆಯಾ ನೋಡಿ. ಆಮೇಲೆ ಅಲೈನ್‌ಮೆಂಟ್. ಅಂಗಡಿಯವನು ಟೋ (ಗಾಲಿ ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಅಳತೆ) ಒಂದನ್ನೇ ನೋಡಿ ಬಿಟ್ಟರೆ ಕ್ಯಾಸ್ಟರ್ ರೀಡಿಂಗ್ ಕೂಡ ಕೇಳಿ ಬರೆಸಿಕೊಳ್ಳಿ. ಮುಂದೆ ಯಾವತ್ತಾದರೂ ಸ್ಟೇರಿಂಗ್ ಒದರಿದರೆ ಮೊದಲು ಬೇಕಾಗುವುದು ಆ ಚೀಟಿಯೇ.